ಪದ್ಮಿನಿಗೆ ಮಾರುತಿ 800ರ ಪಿಸ್ಟನ್, ಅಳತೆಗೆ ಮಾಡಿಸಿದ ರಾಡ್

ನಮ್ಮ ಪ್ರೀಮಿಯರ್ ಪದ್ಮಿನಿ ಕಾರಿನ ಇಂಜಿನ್ನಿಗೆ ಮಾರುತಿ 800ರ ಪಿಸ್ಟನ್ (ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುವ ತುಂಡು) ಹಾಕಿದ್ದೇವೆ ಅಂದರೆ ಎಲ್ಲರೂ ಕೇಳುವುದು ಒಂದೇ ಮಾತು, ಕೂಡುತ್ತಾ? ಕೂಡುತ್ತದೆ. ಆದರೆ ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಹಳೆಯ ಕನೆಕ್ಟಿಂಗ್ ರಾಡ್ ಮೇಲೆ ಕೂಡುವುದಿಲ್ಲ. ರಾಡ್ ಹೊಸದಾಗಿ ಮಾಡಿಸಬೇಕು, ಅದೂ ಆ ಒಂದು ಇಂಜಿನ್ನಿನ ಅಳತೆಗೇ. ಕೇಳಿದವರಿಗೆಲ್ಲ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೇನೆ. ಆ ಅರ್ಧ ಮಾತು ನಂಬಿ ಯಾರಾದರೂ ಬ್ಲಾಕ್ ಕೊರೆಸಿಬಿಟ್ಟರೆ ಕಷ್ಟ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಗಾಡಿ ಅಪ್ಪನದು. ಹುಬ್ಬಳ್ಳಿಯಿಂದ ಗದಗ, ಹಾವೇರಿ, ಶಿರಸಿ ಅಂತ ಮೂವತ್ತು ವರ್ಷಕ್ಕಿಂತ ಜಾಸ್ತಿ ಓಡಿಸಿದ್ದಾರೆ. ತಂಗಿಯ ಮದುವೆಯ ದಿನ ಲಕ್ಷ್ಮೇಶ್ವರಕ್ಕೆ ಎರಡು ಸಲ ಹೋಗಿ ಬಂದ ಗಾಡಿ ಇದು, ಒಮ್ಮೆ ಜನ ತುಂಬಿಕೊಂಡು, ಇನ್ನೊಮ್ಮೆ ಪಾತ್ರೆ ತುಂಬಿಕೊಂಡು. ಎರಡು ವರ್ಷದ ಹಿಂದೆ ಉಣಕಲ್ ಏರಿನಲ್ಲಿ ಹಿಂದಿನಿಂದ ನೀಲಿ ಹೊಗೆ ಬರತೊಡಗಿತು. ಮೂರನೇ ಸಿಲಿಂಡರಿನ ಪ್ಲಗ್ ವಾರಕ್ಕೊಮ್ಮೆ ಎಣ್ಣೆಯಲ್ಲಿ ನೆನೆದು ಬರುತ್ತಿತ್ತು. ಸಿಲಿಂಡರಿನೊಳಗಿನ ಒತ್ತಡ ತೋರಿಸುವ ಕಂಪ್ರೆಶನ್ ಗೇಜ್ ಹಾಕಿ ನೋಡಿದರೆ ಎರಡು ಸಿಲಿಂಡರ್ ನೂರು ಪಿಎಸ್‌ಐ ಕೂಡ ಮುಟ್ಟಲಿಲ್ಲ. ಇಂಜಿನ್ ಕೆಲಸ ಬಂತು ಅಂತ ಆಗಲೇ ಗೊತ್ತಾಯಿತು.

ಗೋಕುಲ ರೋಡಿನ ಹಿಂದೆ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು. ನಾನು ಚಿಕ್ಕವನಿದ್ದಾಗಿನಿಂದ ಈ ಗಾಡಿ ನೋಡಿದವರು ಅವರೇ. ಇಂಜಿನ್ ಬಿಚ್ಚಿ ಅಳತೆ ತೆಗೆದಾಗ ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ತೂತು, ಮೇಲ್ಗಡೆ ಅಗಲವಾಗಿತ್ತು, ಕೆಳಗೆ ಸಣ್ಣ. ಮೊದಲೇ ಒಮ್ಮೆ 0.2 ಮಿ.ಮೀ. ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ದರು. ಅದರ ಮೇಲೆ ಸವೆತ ಇನ್ನೂ 0.12. ಮತ್ತೆ ಕೊರೆಸಲೇಬೇಕು, ಮುಂದಿನ ಸೈಜಿನ ಪಿಸ್ಟನ್ ಬೇಕು.

ಪಿಸ್ಟನ್ ಸಿಗಲಿಲ್ಲ. ಹುಬ್ಬಳ್ಳಿಯಲ್ಲಿ ಹುಡುಕಿದೆ, ಬೆಳಗಾವಿಗೆ ಹೋಗಿ ಬಂದೆ, ಮುಂಬೈಗೆ ಫೋನ್ ಹಚ್ಚಿದೆ. ಈ ಗಾಡಿ 1964ರಿಂದ ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ಫಿಯೆಟ್ ಹೆಸರಿನಲ್ಲಿ, 1974ರಿಂದ ಪದ್ಮಿನಿ ಹೆಸರಿನಲ್ಲಿ ಬಂತು. ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಆಮೇಲೂ ಇಷ್ಟು ದಿನ ಸಾಮಾನು ಸಿಗುತ್ತಿದ್ದದ್ದು ಮುಂಬೈ ಟ್ಯಾಕ್ಸಿಗಳ ದೆಸೆಯಿಂದ ಅಂತ ನನಗನಿಸುತ್ತದೆ. 2023ರ ಅಕ್ಟೋಬರಿನಲ್ಲಿ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಕೊನೆಗೆ ಒಂದು ಕಡೆ ಹಳೆಯ ಸ್ಟಾಕ್ ಸೆಟ್ ಸಿಕ್ಕಿತು. ನಾಲ್ಕರಲ್ಲಿ ಒಂದರ ರಿಂಗ್ ಕೂರುವ ಖಾಚೆ (ಗೀರು) ತುಕ್ಕಿನಂಥ ಬಿಳಿ ಪುಡಿ ಹಿಡಿದು ಕೂತಿತ್ತು. ಬೇಡ ಅಂತ ವಾಪಸ್ ಕೊಟ್ಟೆ.

ಆಗ ಕಣ್ಣಿಗೆ ಬಿದ್ದದ್ದು ಒಂದು ಅಂಕಿ. ಪದ್ಮಿನಿಯ ಬೋರ್ 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ) 75, ಒಟ್ಟು 1,089 ಸಿಸಿ. ಮಾರುತಿ 800ರ ಬೋರ್ 68.5, ಸ್ಟ್ರೋಕ್ 72, ಮೂರು ಸಿಲಿಂಡರ್, 796 ಸಿಸಿ. ಅಂದರೆ ಪದ್ಮಿನಿ ಬ್ಲಾಕನ್ನು ಸ್ಟ್ಯಾಂಡರ್ಡ್‌ಗಿಂತ ಅರ್ಧ ಮಿ.ಮೀ. ಕೊರೆದರೆ 800ರ ಸ್ಟ್ಯಾಂಡರ್ಡ್ ಪಿಸ್ಟನ್ ಒಳಗೆ ಇಳಿಯುತ್ತದೆ. ನಮ್ಮ ಸವೆತವೂ ಅಷ್ಟರಲ್ಲಿ ಹೋಗುತ್ತದೆ. ಇಂಜಿನ್ 1,105 ಸಿಸಿ ಆಗುತ್ತದೆ, ಅದೇನು ಲೆಕ್ಕಕ್ಕೆ ಬರುವ ಫರಕಲ್ಲ. ಮುಖ್ಯ ಏನಂದರೆ 800ರ ಪಿಸ್ಟನ್ ಇವತ್ತಿಗೂ ಒಳ್ಳೆಯ ಕಂಪನಿಯದು, ಹೊಸದು, ಸಲೀಸಾಗಿ ಸಿಗುತ್ತದೆ.

ಬೋರ್ ಕೂಡಿತು ಅಂದಕೂಡಲೇ ನಾನು ಖುಷಿಯಿಂದ ಗ್ಯಾರೇಜಿಗೆ ಓಡಿದೆ. ಕಾಕಾ ಒಂದು ಹಳೆಯ 800 ಪಿಸ್ಟನ್ ತಂದು, ನಮ್ಮ ಪದ್ಮಿನಿ ಪಿಸ್ಟನ್ ಪಕ್ಕದಲ್ಲಿ ನಿಲ್ಲಿಸಿದರು. ಎರಡರ ಪಿನ್ ತೂತನ್ನೂ (ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್ ಹೋಗುವ ತೂತು) ಒಂದೇ ಮಟ್ಟಕ್ಕೆ ಹಿಡಿದು ತೋರಿಸಿ ಅಂದರು: "ತಮ್ಮಾ, ಅಗಲ ನೋಡಿದಿ, ಎತ್ತರ ನೋಡಿದ್ಯೇನು?"

ಪದ್ಮಿನಿ ಪಿಸ್ಟನ್ನಿನ ತಲೆ ಮೇಲೆ ನಿಂತಿತ್ತು. 800ರ ತಲೆ ಎಷ್ಟೋ ಕೆಳಗಿತ್ತು.

ಇಡೀ ಕೆಲಸದ ಜೀವ ಇರುವುದು ಈ ಎತ್ತರದಲ್ಲೇ. ಪಿನ್ನಿನ ನಡುಮಧ್ಯದಿಂದ ಪಿಸ್ಟನ್ ತಲೆಯವರೆಗೆ ಎಷ್ಟು ದೂರ ಅನ್ನುವುದು ಪ್ರತಿ ಇಂಜಿನ್ನಿಗೂ ಬೇರೆ. ನಾನು ಅದಕ್ಕೆ ಪಿನ್ ಎತ್ತರ ಅನ್ನುತ್ತೇನೆ. ಹಳೆಯ ಕಾಲದ ಪಿಸ್ಟನ್ ಉದ್ದ, ಹೊಸ ಕಾಲದ್ದು ಗಿಡ್ಡ. ಗಿಡ್ಡ ಪಿಸ್ಟನ್ನನ್ನು ಹಳೆಯ ರಾಡಿಗೆ ಸಿಕ್ಕಿಸಿದರೆ ಅದು ಮೇಲಕ್ಕೆ ಬಂದಾಗಲೂ ಬ್ಲಾಕ್ ಮೇಲ್ಮೈಯಿಂದ ಬಹಳ ಕೆಳಗೇ ನಿಲ್ಲುತ್ತದೆ. ಕಂಪ್ರೆಶನ್ ಬರುವುದಿಲ್ಲ, ಇಂಜಿನ್ ಸರಿಯಾಗಿ ಶುರುವೇ ಆಗುವುದಿಲ್ಲ. ಉಲ್ಟಾ ಆದರೆ, ಅಂದರೆ ಹೊಸ ಪಿಸ್ಟನ್ ಎತ್ತರ ಜಾಸ್ತಿ ಇದ್ದರೆ, ಅದು ಸಿಲಿಂಡರಿನ ಮೇಲಿನ ಮುಚ್ಚಳಕ್ಕೆ, ಅಂದರೆ ಹೆಡ್ಡಿಗೆ, ಬಡಿಯುತ್ತದೆ.

ಲೆಕ್ಕ ಬಹಳ ಸರಳ. ಕ್ರ್ಯಾಂಕ್ ನಡುವಿನಿಂದ ಬ್ಲಾಕ್ ಮೇಲ್ಮೈವರೆಗಿನ ಎತ್ತರದಲ್ಲಿ ಮೂರು ಸಂಗತಿ ಕೂಡಬೇಕು: ಸ್ಟ್ರೋಕಿನ ಅರ್ಧ, ರಾಡಿನ ಉದ್ದ, ಪಿನ್ ಎತ್ತರ. ಉಳಿದದ್ದು ಪಿಸ್ಟನ್ ತಲೆಗೂ ಬ್ಲಾಕಿನ ಅಂಚಿಗೂ ಇರುವ ಸಣ್ಣ ಅಂತರ. ನಾವು ಕ್ರ್ಯಾಂಕ್ ಬದಲಿಸುತ್ತಿಲ್ಲ, ಬ್ಲಾಕೂ ಅದೇ. ಹಾಗಾಗಿ ಪಿನ್ ಎತ್ತರ ಎಷ್ಟು ಕಡಿಮೆಯಾಯಿತೋ ರಾಡ್ ಅಷ್ಟೇ ಉದ್ದ ಆಗಬೇಕು. ರೌಂಡ್ ಫಿಗರಿನಲ್ಲಿ ಹೇಳುವುದಾದರೆ ಹಳೆಯ ಪಿನ್ ಎತ್ತರ 40, ಹೊಸದು 32 ಅಂತ ಇಟ್ಟುಕೊಳ್ಳಿ, ರಾಡ್ 8 ಮಿ.ಮೀ. ಉದ್ದ ಬೇಕು. ಇದು ಬರೀ ಉದಾಹರಣೆ. ನಿಮ್ಮ ಕೈಯಲ್ಲಿರುವ ಪಿಸ್ಟನ್ ಅಳೆಯದೆ ಈ ಅಂಕಿ ಹಿಡಿದು ಯಾರೂ ಆರ್ಡರ್ ಕೊಡಬೇಡಿ. ಒಂದೇ ಗಾಡಿಯ ಪಿಸ್ಟನ್ನೇ ಕಂಪನಿಯಿಂದ ಕಂಪನಿಗೆ, ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ ಇರುತ್ತದೆ. 800ರದೇ ಬೋರ್ ಆಲ್ಟೊದಲ್ಲೂ ಇದೆ, ಆದರೆ ಸಿಲಿಂಡರಿಗೆ ನಾಲ್ಕು ವಾಲ್ವಿನ ಹೆಡ್ಡಿಗೆ ಮಾಡಿದ ಪಿಸ್ಟನ್ನಿನ ತಲೆಯೇ ಬೇರೆ.

ಇದನ್ನು ಅಡ್ಡದಾರಿಯಲ್ಲಿ ಮಾಡುವವರೂ ಇದ್ದಾರೆ. ರಾಡಿನ ಸ್ಮಾಲ್ ಎಂಡಿನಲ್ಲಿ (ಪಿನ್ ಕೂರುವ ಮೇಲ್ತುದಿಯಲ್ಲಿ) ತೂತು ಒಂದು ಬದಿಗೆ ಸರಿದಿರುವ ಬುಶ್, ಅಂದರೆ ಒಳಬಳೆ, ಬಡಿದು ಸ್ವಲ್ಪ ಎತ್ತರ ಗಳಿಸುತ್ತಾರೆ, ಉಳಿದದ್ದಕ್ಕೆ ಬ್ಲಾಕ್ ಮೇಲ್ಮೈ ಕೆತ್ತಿಸಿ ತಗ್ಗಿಸುತ್ತಾರೆ. ಬುಶ್‌ನಿಂದ ಒಂದು ಮಿ.ಮೀ. ಒಳಗಿನ ಫರಕು ಸರಿ ಮಾಡಬಹುದು, ಅದು ತಪ್ಪಲ್ಲ. ಅದಕ್ಕಿಂತ ಜಾಸ್ತಿಗೆ ಹೋದರೆ ಬುಶ್ ಒಂದು ಕಡೆ ಕಾಗದದಷ್ಟು ತೆಳ್ಳಗಾಗುತ್ತದೆ. ಬ್ಲಾಕಂತೂ ಒಮ್ಮೆ ಕೆತ್ತಿಸಿದರೆ ಮುಗಿಯಿತು, ಕಬ್ಬಿಣ ವಾಪಸ್ ಬರುವುದಿಲ್ಲ. ನಾನು ಅದಕ್ಕೆ ಒಪ್ಪಲಿಲ್ಲ, ಕಾಕಾ ಕೂಡ ಒಪ್ಪಲಿಲ್ಲ.

ಪಿಸ್ಟನ್ ಕೊಳ್ಳುವಾಗ ಇನ್ನೊಂದು ವಿಷಯ. 800ರ ಸೆಟ್ಟಿನಲ್ಲಿ ಮೂರೇ ಬರುತ್ತವೆ. ನಮಗೆ ನಾಲ್ಕು ಬೇಕು. ಹಾಗಾಗಿ ಎರಡು ಸೆಟ್ ಕೊಂಡೆವು, ಆರು ಪಿಸ್ಟನ್. ಅದರಿಂದ ಒಳ್ಳೆಯದೇ ಆಯಿತು, ತೂಕದಲ್ಲಿ ಹತ್ತಿರ ಇರುವ ನಾಲ್ಕನ್ನು ಆರಿಸಿಕೊಳ್ಳಬಹುದು. ದುರ್ಗದ ಬೈಲ್ ಹತ್ತಿರ ಪರಿಚಯದ ಸರಾಫರ ಅಂಗಡಿಗೆ ಆರೂ ಪಿಸ್ಟನ್, ಆರೂ ಪಿನ್ ಒಯ್ದು ಬಂಗಾರದ ತಕ್ಕಡಿಯಲ್ಲಿ ತೂಗಿದೆವು. ಒಂದೇ ಸೆಟ್ಟಿನ ಮೂರು ಹೆಚ್ಚುಕಡಿಮೆ ಸಮ ಇದ್ದವು. ಆದರೆ ಎರಡು ಸೆಟ್ಟಿನ ನಡುವೆ ನಾಲ್ಕು ಗ್ರಾಂ ಫರಕು. ಮೂರು ಒಂದು ಸೆಟ್ಟಿನವು, ನಾಲ್ಕನೆಯದಕ್ಕೆ ಇನ್ನೊಂದು ಸೆಟ್ಟಿನ ಹಗುರ ಪಿಸ್ಟನ್, ಪಿನ್ನುಗಳನ್ನೂ ಅದಲುಬದಲು ಮಾಡಿ ಕೂಡಿಸಿದ ಮೇಲೆ ನಾಲ್ಕೂ ಒಂದು ಗ್ರಾಂ ಒಳಗೆ ಬಂದವು. ಉಳಿದ ಎರಡನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇನೆ.

ಡಬ್ಬಿ ತೆರೆದ ಕೂಡಲೇ ಪಿನ್ ತೂತಿನ ಎರಡೂ ಬದಿಗೆ ಕ್ಲಿಪ್ಪಿನ ಖಾಚೆ ಇದೆಯಾ ನೋಡಿ. ಕೆಲವು ಇಂಜಿನ್ನಿನಲ್ಲಿ ಪಿನ್ನನ್ನು ರಾಡಿನ ಒಳಗೆ ಬಿಗಿಯಾಗಿ ಒತ್ತಿ ಕೂರಿಸುತ್ತಾರೆ, ಅಂಥ ಪಿಸ್ಟನ್ನಿಗೆ ಕ್ಲಿಪ್ ಬೇಡ, ಖಾಚೆಯೂ ಇರುವುದಿಲ್ಲ. ಮಾಡಿಸುವ ರಾಡಿಗೆ ಸಾಮಾನ್ಯವಾಗಿ ಕಂಚಿನ ಬುಶ್ ಹಾಕುತ್ತಾರೆ, ಅದರಲ್ಲಿ ಪಿನ್ ಸಡಿಲವಾಗಿ ತಿರುಗುತ್ತದೆ. ಖಾಚೆ ಇಲ್ಲದ ಪಿಸ್ಟನ್ನಿಗೆ ಬುಶ್ ಇರುವ ರಾಡ್ ಹಾಕಿದರೆ ಪಿನ್ ಮೆಲ್ಲಗೆ ಬದಿಗೆ ಸರಿದು ಬೋರಿನ ಗೋಡೆಯನ್ನು ಉದ್ದಕ್ಕೆ ಕೆತ್ತಿಬಿಡುತ್ತದೆ. ನಾವು ಕೊಂಡ ಸೆಟ್ಟಿನಲ್ಲಿ ಖಾಚೆಯೂ ಇತ್ತು, ಕ್ಲಿಪ್ಪೂ ಇತ್ತು.

ಈಗ ರಾಡು. ನಾನು ಜಾಸ್ತಿ ನಿದ್ದೆಗೆಟ್ಟದ್ದು ಇದಕ್ಕೇ.

ರಾಡಿನ ಮೇಲೆ ಎಂಥ ಭಾರ ಬೀಳುತ್ತದೆ ಅಂತ ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ಪಿಸ್ಟನ್, ಪಿನ್, ರಿಂಗ್ ಎಲ್ಲ ಸೇರಿ 300 ಗ್ರಾಂ ಅಂತ ಹಿಡಿಯಿರಿ. ಸ್ಟ್ರೋಕ್ 75 ಮಿ.ಮೀ., ವೇಗ 5,000 ಆರ್‌ಪಿಎಂ. ಸೆಕೆಂಡಿಗೆ 83 ಸುತ್ತು. ಪ್ರತಿ ಸುತ್ತಿನಲ್ಲೂ ಪಿಸ್ಟನ್ ತುದಿಗೆ ಹೋಗಿ ನಿಂತು ವಾಪಸ್ ತಿರುಗಬೇಕು. ಆ ತಿರುಗುವ ಕ್ಷಣಕ್ಕೆ ಮುನ್ನೂರು ಗ್ರಾಮಿನ ಪಿಸ್ಟನ್ ರಾಡನ್ನು ಸುಮಾರು 400 ಕೆಜಿ ತೂಕದಷ್ಟು ಬಲದಿಂದ ಮೇಲಕ್ಕೆ ಎಳೆಯುತ್ತದೆ. ನಾಲ್ಕು ಕ್ವಿಂಟಾಲ್! ಪೆಟ್ರೋಲ್ ಉರಿಯುವಾಗ ಒತ್ತುವ ಬಲ ಇದಕ್ಕಿಂತ ಜಾಸ್ತಿ ಇರಬಹುದು, ಆದರೆ ಅದು ರಾಡನ್ನು ಒತ್ತುತ್ತದೆ. ಹೊಗೆ ಹೊರಗೆ ಹೋಗುವ ಸ್ಟ್ರೋಕಿನ ಕೊನೆಗೆ ಮೇಲಿನಿಂದ ಒತ್ತುವುದು ಏನೂ ಇರುವುದಿಲ್ಲ, ಆಗ ಪೂರ್ತಿ ಎಳೆತ. ಆ ಎಳೆತವನ್ನು ಹಿಡಿದಿಡುವುದು ಬಿಗ್ ಎಂಡಿನ (ಕ್ರ್ಯಾಂಕ್ ಹಿಡಿಯುವ ಕೆಳತುದಿಯ) ಎರಡು ಬೋಲ್ಟ್, ಅಷ್ಟೇ. ಆರ್‌ಪಿಎಂ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಹಾಗಾಗಿ ರಾಡಿನಲ್ಲಿ ದುಡ್ಡು ಉಳಿಸಲು ಹೋಗಬಾರದು, ಬೋಲ್ಟಿನಲ್ಲಂತೂ ಬೇಡವೇ ಬೇಡ.

ರಾಡ್ ಮಾಡುವವರು ಇಎನ್ 24 ಸ್ಟೀಲ್ ಹೇಳಿದರು. ನಿಕ್ಕೆಲ್, ಕ್ರೋಮಿಯಂ, ಮಾಲಿಬ್ಡಿನಮ್ ಇರುವ ಗಟ್ಟಿ ಉಕ್ಕು, ಹೊರದೇಶದವರು 4340 ಅನ್ನುವುದೂ ಹೆಚ್ಚುಕಡಿಮೆ ಇದೇ ಜಾತಿ. ಇಡೀ ತುಂಡಿನಿಂದ ಕೆತ್ತಿ, ಕಾಯಿಸಿ ಹದ ಮಾಡಿ, ಮೇಲ್ಮೈಗೆ ಸಣ್ಣ ಗುಂಡು ಹೊಡೆದು ಗಟ್ಟಿ ಮಾಡಿ ಕೊಡುತ್ತಾರೆ. ನಾವು ಕೊಟ್ಟದ್ದು ಒಂದು ಹಳೆಯ ರಾಡ್, ಒಂದು ಹೊಸ ಪಿಸ್ಟನ್ ಪಿನ್ ಸಮೇತ, ಒಂದು ಜೋಡಿ ಬೇರಿಂಗ್ ಶೆಲ್ (ರಾಡಿಗೂ ಕ್ರ್ಯಾಂಕಿಗೂ ನಡುವೆ ಕೂರುವ ತೆಳು ಅರ್ಧಬಳೆ), ಮತ್ತೆ ನಾನೇ ಬರೆದ ಡ್ರಾಯಿಂಗ್. ಶೆಲ್ ಕೊಡುವುದನ್ನು ಮರೆಯಬೇಡಿ. ಬಿಗ್ ಎಂಡಿನ ತೂತಿನ ಅಳತೆಯನ್ನು ನಿರ್ಧರಿಸುವುದೇ ಆ ಶೆಲ್. ನಮ್ಮ ಕ್ರ್ಯಾಂಕ್ 0.25 ಮಿ.ಮೀ. ಗ್ರೈಂಡ್ ಆಗಿ ಸಣ್ಣದಾಗಿತ್ತು, ಆ ಅಂಡರ್‌ಸೈಜ್ ಶೆಲ್ ಸಿಕ್ಕವು. ಸಿಗದಿದ್ದರೆ ಬೇರೆ ಗಾಡಿಯ ಶೆಲ್ ಆರಿಸಿ ಅದಕ್ಕೆ ತಕ್ಕಂತೆ ರಾಡಿನ ತೂತು ಹೇಳಬಹುದು. ಹೇಗೂ ಹೊಸದಾಗಿ ಮಾಡಿಸುತ್ತೇವಲ್ಲ, ಅದರ ದೊಡ್ಡ ಅನುಕೂಲ ಇದೇ.

ಡ್ರಾಯಿಂಗಿನಲ್ಲಿ ಒಂದು ಅಂಕಿಗಾಗಿ ಮೂರು ವಾರ ಕಾದೆವು. ಹಳೆಯ ಇಂಜಿನ್ ಬಿಚ್ಚುವಾಗ ನಾಲ್ಕೂ ಪಿಸ್ಟನ್ ಮೇಲೆ ತಂದು ನಿಲ್ಲಿಸಿ, ಬ್ಲಾಕ್ ಅಂಚಿನಿಂದ ಎಷ್ಟು ಕೆಳಗಿವೆ ಅಂತ ಅಳೆದಿದ್ದೆ. ಒಂದನೆಯದಕ್ಕೂ ನಾಲ್ಕನೆಯದಕ್ಕೂ 0.1 ಮಿ.ಮೀ. ಫರಕು. ಹಿಂದೆ ಯಾರೋ ಬ್ಲಾಕ್ ಮೇಲ್ಮೈ ಉಜ್ಜಿಸುವಾಗ ಓರೆಯಾಗಿತ್ತು. ಮೊದಲು ಅದನ್ನು ಸಮ ಮಾಡಿಸಿ, ಆಮೇಲೆ ಹೊಸ ಅಳತೆ ತೆಗೆದು ರಾಡಿನ ಉದ್ದ ಬರೆದೆ. ಇದರ ಸರದಿ ಹಿಂದುಮುಂದಾಗಬಾರದು.

ಎರಡು ತಿಂಗಳ ಮೇಲೆ ರಾಡ್ ಬಂದವು. ಕೈಯಲ್ಲಿ ಹಿಡಿದರೆ ಎಷ್ಟು ಚೆಂದ! ಎಚ್ ಆಕಾರದ ಮೈ, ಸ್ಮಾಲ್ ಎಂಡಿನಲ್ಲಿ ಹೊಳೆಯುವ ಕಂಚು, ಬಿಗ್ ಎಂಡಿನ ಬಿಚ್ಚುವ ಅರ್ಧ, ಅಂದರೆ ಕ್ಯಾಪ್ ಮೇಲೆ ನಂಬರ್. ಅಪ್ಪ ಒಂದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಕಾಕಾ ಮಾತ್ರ ನೋಡುತ್ತಾ ಕೂರಲಿಲ್ಲ. ಮೈಕ್ರೊಮೀಟರ್ ತೆಗೆದರು. "ನಾಕೂ ಅಳಿಬೇಕು ತಮ್ಮಾ. ಒಂದ್ ಅಳದು ಉಳದದ್ದು ಹಂಗs ಇರ್ತಾವ ಅನಬ್ಯಾಡ."

ಅವರ ಮಾತು ನಿಜವಾಯಿತು. ಒಂದು, ಎರಡು, ನಾಲ್ಕು ಸರಿ ಇದ್ದವು. ಮೂರನೆಯದರ ಕ್ಯಾಪ್ ಟೈಟ್ ಮಾಡಿ ಬಿಗ್ ಎಂಡಿನ ತೂತು ಅಳೆದರೆ ಒಂದು ದಿಕ್ಕಿನಲ್ಲಿ ಅಳತೆ ಸರಿ, ಅಡ್ಡ ದಿಕ್ಕಿನಲ್ಲಿ 0.03 ಮಿ.ಮೀ. ಕಡಿಮೆ. ತೂತು ದುಂಡಗೆ ಇರಲಿಲ್ಲ, ಮೊಟ್ಟೆಯ ಹಾಗಿತ್ತು. 0.03 ಅಂದರೆ ಕೂದಲಿಗಿಂತ ತೆಳ್ಳಗೆ. ಅಷ್ಟಕ್ಕೆ ಏನಾಗುತ್ತದೆ ಅಂತ ಕೇಳಬಹುದು. ಬೇರಿಂಗಿನಲ್ಲಿ ಎಣ್ಣೆ ನಿಲ್ಲಲು ಬಿಡುವ ಜಾಗವೇ ಕ್ರ್ಯಾಂಕ್ ಪಿನ್ ವ್ಯಾಸದ ಸಾವಿರದಲ್ಲಿ ಒಂದು ಭಾಗದ ಆಸುಪಾಸು. 45 ಮಿ.ಮೀ. ಪಿನ್ ಆದರೆ 0.045. ಅದರಲ್ಲಿ 0.03 ತಿಂದುಹಾಕಿದರೆ ಎಣ್ಣೆಗೆ ಉಳಿದದ್ದೇನು? ಹೈವೇಯಲ್ಲಿ ಅರ್ಧ ಗಂಟೆ ಓಡಿಸಿದರೆ ಆ ಶೆಲ್ ಸುಟ್ಟು ಕ್ರ್ಯಾಂಕಿಗೆ ಅಂಟಿಕೊಳ್ಳುತ್ತಿತ್ತು.

ಕಾರಣ ಇಷ್ಟೇ. ಬಿಗ್ ಎಂಡ್ ಹೋನ್ ಮಾಡುವಾಗ, ಅಂದರೆ ತೂತಿನ ಒಳಗೆ ಉಜ್ಜಿ ಕೊನೆಯ ಅಳತೆಗೆ ತರುವಾಗ, ಕ್ಯಾಪನ್ನು ಪೂರ್ತಿ ಟಾರ್ಕ್ ಕೊಟ್ಟು ಬಿಗಿದಿರಬೇಕು. ಬೋಲ್ಟ್ ಬಿಗಿದಾಗ ಉಕ್ಕು ಅಷ್ಟಿಷ್ಟು ಒತ್ತಿಕೊಳ್ಳುತ್ತದೆ, ಆ ಸ್ಥಿತಿಯಲ್ಲೇ ತೂತು ದುಂಡಗಿರಬೇಕು. ಮೂರನೆಯದನ್ನು ಕೈಬಿಗಿ ಮಾಡಿ ಹೋನ್ ಮಾಡಿದ್ದರು ಅಂತ ಕಾಣುತ್ತದೆ. ಮಾಡಿದವರಿಗೆ ಫೋನ್ ಮಾಡಿ ಅಳತೆ ಹೇಳಿದಾಗ ಮೊದಲು ನಂಬಲಿಲ್ಲ, ನಮ್ಮ ಗೇಜೇ ತಪ್ಪು ಅಂದರು. ಫೋಟೋ ಕಳಿಸಿದೆ, ವಾಪಸ್ ಕಳಿಸಿದೆ. ಇಪ್ಪತ್ತು ದಿನ ಹೋಯಿತು. ಸರಿ ಮಾಡಿಯೇ ಕೊಟ್ಟರು. ಆದರೂ ಒಂದು ಮಾತು ಬೇಸರದಿಂದಲೇ ಹೇಳುತ್ತೇನೆ, ಅಷ್ಟು ದುಡ್ಡು ತೆಗೆದುಕೊಂಡ ಮೇಲೆ ಪ್ರತಿ ರಾಡಿನ ಜೊತೆ ಅಳತೆಯ ಚೀಟಿ ಕೊಡಬೇಕು. ಕೊಡುವವರ ಹತ್ತಿರವೇ ಮಾಡಿಸಿ.

ರಾಡಿನ ತೂಕವನ್ನೂ ತೂಗಬೇಕು, ಒಟ್ಟು ತೂಕ ಒಂದೇ ಆದರೆ ಸಾಲದು. ಬಿಗ್ ಎಂಡ್ ಕಡೆ ಎಷ್ಟು, ಸ್ಮಾಲ್ ಎಂಡ್ ಕಡೆ ಎಷ್ಟು ಅಂತ ಬೇರೆ ಬೇರೆ. ಒಂದು ತುದಿಯನ್ನು ಸಲೀಸಾಗಿ ತಿರುಗುವ ಬೇರಿಂಗಿನ ಮೇಲೆ ತೂಗುಹಾಕಿ, ಇನ್ನೊಂದನ್ನು ತಕ್ಕಡಿಯ ಮೇಲಿಟ್ಟು, ರಾಡ್ ಅಡ್ಡಕ್ಕೆ ಸಮ ಇರುವಂತೆ ಹಿಡಿದು ನೋಡುತ್ತೇವೆ. ನಾಲ್ಕು ಸಿಲಿಂಡರ್ ಸಾಲಾಗಿರುವ ಇಂಜಿನ್ನಿನಲ್ಲಿ ಒಂದು ಅನುಕೂಲ ಇದೆ. ಎರಡು ಪಿಸ್ಟನ್ ಮೇಲೆ ಹೋದಾಗ ಎರಡು ಕೆಳಗೆ ಬರುತ್ತವೆ. ಹಾಗಾಗಿ ಹೊಸ ಪಿಸ್ಟನ್ ಹಳೆಯದಕ್ಕಿಂತ ಹಗುರವಾದರೂ ಕ್ರ್ಯಾಂಕ್ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು ಅಂತಿಲ್ಲ. ನಾಲ್ಕೂ ತಮ್ಮತಮ್ಮಲ್ಲಿ ಸಮ ಇದ್ದರೆ ಆಯಿತು. ವಿ ಆಕಾರದ ಇಂಜಿನ್ನಿನಲ್ಲಿ ಹೀಗಲ್ಲ.

ಬೋರಿಂಗ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಕೆಲಸ. ಒಂದೇ ಮಾತು, ಪಿಸ್ಟನ್ ಕೈಗೆ ಬರುವ ಮೊದಲು ಬ್ಲಾಕ್ ಕೊರೆಸಬೇಡಿ. ಪಿಸ್ಟನ್ ಪೂರ್ತಿ ದುಂಡಗೂ ಇರುವುದಿಲ್ಲ, ನೆಟ್ಟಗೂ ಇರುವುದಿಲ್ಲ. ಬಿಸಿಯಾದಾಗ ಹಿಗ್ಗಿ ದುಂಡಗಾಗಲಿ ಅಂತ ಸ್ವಲ್ಪ ಅಂಡಾಕಾರವಾಗಿ, ತಲೆಯ ಕಡೆ ಸಣ್ಣದಾಗಿ ಮಾಡಿರುತ್ತಾರೆ. ಅಳತೆ ತೆಗೆಯುವುದು ಕೆಳಗಿನ ಸ್ಕರ್ಟಿನಲ್ಲಿ, ಪಿನ್ನಿಗೆ ಅಡ್ಡವಾಗಿ. ನಮ್ಮವು 68.47ರ ಹತ್ತಿರ ಬಂದವು. ಪ್ರತಿ ಬೋರನ್ನೂ ಅದರದೇ ಪಿಸ್ಟನ್ನಿಗೆ 0.035 ಮಿ.ಮೀ. ಸಂದು ಬರುವಂತೆ ಹೋನ್ ಮಾಡಿಸಿದೆವು. ಇದು ಎರಕದ ಪಿಸ್ಟನ್ನಿನ ಲೆಕ್ಕ. ಬಡಿದು ಮಾಡಿದ ರೇಸಿಂಗ್ ಪಿಸ್ಟನ್ನಿನಲ್ಲಿ ಸಿಲಿಕಾನ್ ಕಡಿಮೆ ಇದ್ದರೆ ಅದು ಜಾಸ್ತಿ ಹಿಗ್ಗುತ್ತದೆ, ಅದಕ್ಕೆ ಸಂದೂ ಜಾಸ್ತಿ ಬೇಕು, ಬೆಳಿಗ್ಗೆ ತಣ್ಣಗಿದ್ದಾಗ ಟಕ್‌ಟಕ್ ಅನ್ನುತ್ತದೆ. ಮನೆಯ ಗಾಡಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, ಬೋರಿನ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲಿ ನಾಲ್ಕು ಭಾಗ, ನಮಗೆ 0.27 ಮಿ.ಮೀ. ಬಂತು.

ಇಂಜಿನ್ ಕಟ್ಟುವ ಮೊದಲು ರಿಂಗ್ ಇಲ್ಲದೆ ಒಮ್ಮೆ ಸುಮ್ನೆ ಕೂಡಿಸಿ ತಿರುಗಿಸಿ ನೋಡಬೇಕು. ಬೇರೆ ಇಂಜಿನ್ನಿನ ಪಿಸ್ಟನ್, ಬೇರೆ ಆಕಾರದ ರಾಡ್, ಎಲ್ಲಿ ಏನು ತಾಗುತ್ತದೋ ಗೊತ್ತಿರುವುದಿಲ್ಲ. ನಮಗೆ ಎರಡನೇ ಸಿಲಿಂಡರಿನಲ್ಲಿ ರಾಡ್ ಬೋಲ್ಟಿನ ತಲೆ ಬೋರಿನ ಕೆಳ ಅಂಚಿಗೆ ತಾಗುತ್ತಿತ್ತು. ಕೈಯಲ್ಲಿ ತಿರುಗಿಸಿದಾಗ ಸಣ್ಣಗೆ ಟಿಕ್ ಅಂದಿತು. ಮಗಳ ಶಾಲೆಯ ಡಬ್ಬಿಯಿಂದ ಬಣ್ಣದ ಕ್ಲೇ ತಂದು ಅಲ್ಲಿ ಹಚ್ಚಿ ಇನ್ನೊಮ್ಮೆ ತಿರುಗಿಸಿ, ಎಷ್ಟು ಒತ್ತಿದೆ ಅಂತ ನೋಡಿ, ಬ್ಲಾಕಿನ ಆ ಅಂಚನ್ನು ಮಾತ್ರ ಎರಡು ಮಿ.ಮೀ. ಸಂದು ಬರುವಷ್ಟು ಉಜ್ಜಿದೆವು. ಹಾಗೆಯೇ ಪಿಸ್ಟನ್ ತಲೆಯ ಮೇಲೆ ಕ್ಲೇ ಇಟ್ಟು, ಹೆಡ್ ಕೂರಿಸಿ, ಎರಡು ಪೂರ್ತಿ ಸುತ್ತು ತಿರುಗಿಸಿ ವಾಲ್ವ್ ಗುರುತು ನೋಡಿದೆವು. ಅಲ್ಲಿ ಜಾಗ ಧಾರಾಳ ಇತ್ತು. ಪಿಸ್ಟನ್ ಮೇಲಿನ ಬಾಣ ಟೈಮಿಂಗ್ ಚೈನ್ ಕಡೆ ಮುಖ ಮಾಡಿರಬೇಕು. ಪಿನ್ ತೂತು ಸರಿ ಮಧ್ಯದಲ್ಲಿ ಇರುವುದಿಲ್ಲ, ಒಂದು ಬದಿಗೆ ಕೂದಲೆಳೆಯಷ್ಟು ಸರಿದಿರುತ್ತದೆ, ಉಲ್ಟಾ ಹಾಕಿದರೆ ಸದ್ದು ಬರುತ್ತದೆ.

ಇನ್ನು ಕಂಪ್ರೆಶನ್ ಲೆಕ್ಕ, ಅಂದರೆ ಒಳಗಿನ ಪೆಟ್ರೋಲ್-ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು. ಪಿಸ್ಟನ್ ತಲೆಯ ಆಕಾರ ಬದಲಾದರೆ ಇದೂ ಬದಲಾಗುತ್ತದೆ, ಹಾಗಾಗಿ ಅಂದಾಜಿನಲ್ಲಿ ಬಿಡಬಾರದು. ಹೆಡ್ ತಿರುವಿ ಹಾಕಿ, ಮೇಲೆ ಪಾರದರ್ಶಕ ಅಕ್ರಿಲಿಕ್ ಹಾಳೆ ಗ್ರೀಸ್ ಹಚ್ಚಿ ಕೂರಿಸಿ, ಬ್ಯುರೆಟ್ಟಿನಿಂದ (ಅಳತೆ ಗುರುತಿರುವ ಗಾಜಿನ ನಳಿಗೆ) ಸೀಮೆಎಣ್ಣೆ ತುಂಬಿದೆವು. ಪಿಸ್ಟನ್ ತಲೆಯ ಗುಂಡಿ ಸೇರಿ 31 ಸಿಸಿ. ಗ್ಯಾಸ್ಕೆಟ್ ಒತ್ತಿದ ಮೇಲೆ 1.2 ಮಿ.ಮೀ., ಅದರ ತೂತು 70, ಅಲ್ಲಿ 4.6 ಸಿಸಿ. ಪಿಸ್ಟನ್ ಅರ್ಧ ಮಿ.ಮೀ. ಕೆಳಗೆ ನಿಲ್ಲುತ್ತದೆ, ಅದಕ್ಕೆ 1.8. ಒಟ್ಟು 37.4. ಪಿಸ್ಟನ್ ಓಡಾಡುವ ಜಾಗ ಒಂದು ಸಿಲಿಂಡರಿಗೆ 276.4. ಎರಡನ್ನೂ ಕೂಡಿಸಿ 37.4ರಿಂದ ಭಾಗಿಸಿದರೆ 8.4 ಬರುತ್ತದೆ. ಈಗ ಬಂಕಿನಲ್ಲಿ ಸಿಗುವ ಸಾದಾ ಪೆಟ್ರೋಲಿನ ಆಕ್ಟೇನ್ 91ಕ್ಕಿಂತ ಕಡಿಮೆ ಇಲ್ಲ. ಈ ಗಾಡಿ ಹೊಸದಿದ್ದಾಗ ಸಿಗುತ್ತಿದ್ದುದಕ್ಕಿಂತ ಇದು ಜಾಸ್ತಿ, ಹಾಗಾಗಿ 8.4ಕ್ಕೆ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿದು ಬಡಿಯುವುದು) ಬರುವ ಭಯ ಇಲ್ಲ. ರಾಡ್ ಇನ್ನೂ 0.5 ಉದ್ದ ಮಾಡಿಸಿ ಕಂಪ್ರೆಶನ್ ಏರಿಸು ಅಂತ ಒಬ್ಬ ಗೆಳೆಯ ಬಹಳ ಹೇಳಿದ. ಹಳೆಯ ಬ್ಲಾಕ್, ಹಳೆಯ ಹೆಡ್, ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲು, ನಾನು ಬೇಡ ಅಂದೆ.

ಇಂಜಿನ್ ಶುರುವಾದದ್ದು ಒಂದು ಭಾನುವಾರ ಸಂಜೆ. ಮೊದಲು ಪ್ಲಗ್ ತೆಗೆದು ಸ್ಟಾರ್ಟರ್ ತಿರುಗಿಸಿ ಆಯಿಲ್ ಪ್ರೆಶರ್ ಬರುವವರೆಗೆ ಕಾದೆವು. ಪ್ಲಗ್ ಹಾಕಿ ಎರಡನೇ ಸಲಕ್ಕೆ ಹತ್ತಿತು. ಗ್ಯಾರೇಜಿನ ಹುಡುಗರೆಲ್ಲ ಬಂದು ನಿಂತಿದ್ದರು. ಕಾಕಾ ಉದ್ದ ಸ್ಕ್ರೂಡ್ರೈವರಿನ ಹಿಡಿಕೆ ಕಿವಿಗೆ ಹಚ್ಚಿ, ತುದಿ ಬ್ಲಾಕಿಗೆ ಮುಟ್ಟಿಸಿ, ಒಂದೊಂದೇ ಸಿಲಿಂಡರ್ ಕೇಳಿದರು. ಮೂರನೆಯದರ ಹತ್ತಿರ ಜಾಸ್ತಿ ಹೊತ್ತು ನಿಂತರು. ಆಮೇಲೆ ತಲೆ ಎತ್ತಿ, "ಚಲೋ ಅದ, ಚಹಾ ತರಸು" ಅಂದರು. ಗಿರ್ಮಿಟ್ ಮಿರ್ಚಿಯೂ ಬಂತು.

ಹೊಸ ಇಂಜಿನ್ ಪಳಗಿಸುವ ರನ್ನಿಂಗ್-ಇನ್ ಅಂತ ಗಾಡಿಯನ್ನು ನಿಲ್ಲಿಸಿಕೊಂಡು ಗಂಟೆಗಟ್ಟಲೆ ಓಡಿಸುವುದು ತಪ್ಪು. ರಿಂಗ್ ಬೋರಿಗೆ ಕೂರಬೇಕಾದರೆ ಅದರ ಮೇಲೆ ಒತ್ತಡ ಬೇಕು, ಸ್ವಲ್ಪ ಎಳೆಯಬೇಕು, ಬಿಡಬೇಕು, ಮತ್ತೆ ಎಳೆಯಬೇಕು. ನಾವು ಗದಗ ರೋಡ್ ಹಿಡಿದು ಅಣ್ಣಿಗೇರಿವರೆಗೆ ಹೋಗಿ ಬಂದೆವು. ಎರೆ ಭೂಮಿ, ಸಪಾಟು ರಸ್ತೆ, ಥ್ರಾಟಲ್ ಏರಿಸಿ ಇಳಿಸಲು ಒಳ್ಳೆಯ ಜಾಗ. ಅಮೃತೇಶ್ವರ ಗುಡಿ ಹತ್ತಿರ ನಿಲ್ಲಿಸಿ, ಬಾನೆಟ್ ಎತ್ತಿ, ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡಿದೆವು. ವಾಪಸ್ ಬಂದ ಕೂಡಲೇ ಆಯಿಲ್ ಬದಲಿಸಿದೆವು, 500 ಕಿ.ಮೀ.ಗೆ ಇನ್ನೊಮ್ಮೆ, 1,000ಕ್ಕೆ ಮತ್ತೊಮ್ಮೆ. ಸಾದಾ 20ಡಬ್ಲ್ಯೂ-50 ಮಿನರಲ್ ಆಯಿಲ್. ಮೊದಲ ಸಲ ಇಳಿಸಿದ ಎಣ್ಣೆಯಲ್ಲಿ ಬೆಳ್ಳಿ ಪುಡಿಯಂಥ ಹೊಳಪು ಇತ್ತು, ಮೂರನೇ ಸಲಕ್ಕೆ ಇರಲಿಲ್ಲ.

ಸಾವಿರ ಕಿ.ಮೀ. ಆದ ಮೇಲೆ ಕಂಪ್ರೆಶನ್ ನೋಡಿದೆವು. ಇಂಜಿನ್ ಬಿಸಿ, ಥ್ರಾಟಲ್ ಪೂರ್ತಿ ತೆರೆದು, ನಾಲ್ಕು ಸಿಲಿಂಡರಿಗೆ 150, 148, 150, 147 ಪಿಎಸ್‌ಐ. ಎಣ್ಣೆ ಇಳಿಯುವುದು ನಿಂತಿದೆ. ಪಿಸ್ಟನ್ ಹಗುರವಾಗಿರುವುದು ಡ್ರೈವ್ ಮಾಡುವಾಗ ಗೊತ್ತಾಗುತ್ತದೆ. ಮೊದಲು ಎಪ್ಪತ್ತು ದಾಟಿದರೆ ಸ್ಟೇರಿಂಗಿನಲ್ಲಿ ಬರುತ್ತಿದ್ದ ನಡುಕ ಈಗ ಇಲ್ಲ.

ಹೋದ ತಿಂಗಳು ಅಪ್ಪನನ್ನು ಕೂರಿಸಿಕೊಂಡು ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿನಲ್ಲಿ ಇಳಿದು ಮತ್ತೆ ಹತ್ತಿ ಬಂದೆವು. ಹತ್ತುವಾಗ ಅರ್ಧ ದಾರಿಯಲ್ಲಿ ಅಪ್ಪ ಕನ್ನಡಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ಹಿಂದೆ ಹೊಗೆ ಇದೆಯಾ ನೋಡಿದರು. ಇರಲಿಲ್ಲ. ಮನೆಗೆ ಬಂದು ಪ್ಲಗ್ ಬಿಚ್ಚಿದಾಗ ನಾಲ್ಕೂ ಸ್ವಲ್ಪ ಬೆಳ್ಳಗಿದ್ದವು, ಅಂದರೆ ಒಳಗೆ ಹೋಗುವ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸ್ವಲ್ಪ ಕಡಿಮೆ ಬೀಳುತ್ತಿದೆ. ಈಗ ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ ಇರುವುದಕ್ಕೂ ಹೀಗಾಗುತ್ತದೆ. ಕಾರ್ಬುರೇಟರಿನ ಮೇನ್ ಜೆಟ್ (ಪೆಟ್ರೋಲ್ ಹಾಯುವ ತೂತಿನ ತುಂಡು) ಒಂದು ಸೈಜ್ ದೊಡ್ಡದು ಹಾಕಬೇಕು. ಈ ಭಾನುವಾರ ಅದರ ಕೆಲಸ.